ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ, ಅತ್ತೆಗೆ ಕಾಫಿ ಕೊಡಬಹುದಾ?

ಹಾಸನದ ಸೊಸೆ:
ನಮ್ಮತ್ತೆಗೆ 68 ವರ್ಷ. ಬದುಕೆಲ್ಲ ಸೌದೆ ಒಲೆ ಊದಿದವರು. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಏದುಸಿರು ಬರುವ ಕಾಯಿಲೆ) ಅಂತ ಹೇಳಿ ಇನ್‌ಹೇಲರ್ ಕೊಟ್ಟು ಆರು ವರ್ಷ ಆಯಿತು. ಹೋದ ತಿಂಗಳು ನ್ಯುಮೋನಿಯಾ ಆಗಿ 9 ದಿನ ವೆಂಟಿಲೇಟರ್‌ನಲ್ಲಿದ್ದರು. ಆಮೇಲೆ ಮೂಗಿಗೆ ಪೈಪ್ ಹಾಕಿ ಊಟ ಕೊಟ್ಟರು. ಮನೆಗೆ ಕಳಿಸುವ ದಿನ ಅದನ್ನೂ ತೆಗೆದು "ಮೆತ್ತಗಿನದು ಕೊಡಿ" ಅಂದರು, ಅಷ್ಟೇ.

ಈಗ ಅನ್ನ ಹೇಗೋ ನುಂಗುತ್ತಾರೆ. ನೀರು ಮಾತ್ರ ಗುಟುಕು ಗುಟುಕಿಗೂ ನೆತ್ತಿಗೆ ಹತ್ತುತ್ತದೆ. ಪಕ್ಕದ ಮನೆಯವರು ತಲೆ ತಟ್ಟಿ "ಯಾರೋ ನೆನೆಸಿಕೊಂಡರು" ಅಂತಾರೆ. ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುವಷ್ಟು ನೆಂಟರು ನಮಗಿಲ್ಲ! ಕಾಫಿ ಕುಡಿದ ಮೇಲೆ ದನಿ ಗೊರಗೊರ ಅನ್ನುತ್ತದೆ. ನಿನ್ನೆಯಿಂದ ಕೆಮ್ಮು ನಿಂತಿದೆ. ವಾಸಿಯಾಗುತ್ತಿದೆ ಅಂತಲೇ ಅಲ್ವಾ?

ಮಲ್ನಾಡ್ ಹುಡುಗ:
ನಮ್ಮ ಮಾವನಿಗೂ ಹೀಗೇ ಇತ್ತು, ತಾನಾಗಿಯೇ ಸರಿಹೋಯಿತು. ಸ್ಟ್ರಾ ಹಾಕಿ ಕೊಡಿ ಅಕ್ಕ.

ನುಂಗು-ಮಾತು:
ಸ್ಟ್ರಾ ಬೇಡ. ಒಂದೇ ಎಳೆತಕ್ಕೆ ಬಾಯಿ ತುಂಬ ಬಂದುಬಿಡಬಹುದು. ನಾನು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರಿಗೆ ಇಲ್ಲೇನು ಕೆಲಸ ಅನ್ನಬೇಡಿ, ನುಂಗುವುದೂ ನಮ್ಮ ಪಾಲಿನದೇ.

ಕೆಮ್ಮು ನಿಂತಿತು ಅಂತ ನೆಮ್ಮದಿಯಾಗಬೇಡಿ. ವೆಂಟಿಲೇಟರ್ ಟ್ಯೂಬ್ ಧ್ವನಿಪೆಟ್ಟಿಗೆಯ ಮೂಲಕವೇ ಇಳಿದಿರುತ್ತದೆ. 2 ದಿನಕ್ಕಿಂತ ಜಾಸ್ತಿ ಇದ್ದವರಿಗೆ ನುಂಗಲು ತೊಂದರೆಯಾಗುವುದು ಅಪರೂಪವಲ್ಲ. ಕೆಲವರ ಗಂಟಲು ಮರಗಟ್ಟಿದಂತಾಗಿ, ಕಾಫಿ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ನೀವು ಹೇಳಿದ ಗೊರಗೊರ ದನಿಯ ಮೇಲೆ ನನಗೆ ಅನುಮಾನ.

ಇನ್ನು ಉಸಿರಿನ ವಿಷಯ. ನುಂಗುವಾಗ ಎಲ್ಲರಿಗೂ ಅರ್ಧದಿಂದ ಒಂದು ಸೆಕೆಂಡ್ ಉಸಿರು ನಿಲ್ಲುತ್ತದೆ. ಆಮೇಲೆ ಸಾಮಾನ್ಯವಾಗಿ ಉಸಿರು ಹೊರಗೆ ಬಿಡುತ್ತೇವೆ. ಏದುಸಿರು ಇರುವವರಿಗೆ ಅಷ್ಟು ಹೊತ್ತು ತಡೆಯಲು ಆಗುವುದಿಲ್ಲ, ನುಂಗಿದ ಕೂಡಲೇ ಒಳಗೆಳೆಯುತ್ತಾರೆ. ಗಂಟಲಲ್ಲಿ ಉಳಿದದ್ದೂ ಜೊತೆಗೆ ಹೋಗುತ್ತದೆ.

ಮೆತ್ತಗಿದೆ ಅಂತ ಸಾರನ್ನ ಕೊಡುತ್ತಿದ್ದೀರಾ? ಅದೇ ಕಷ್ಟದ್ದು. ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ರಾಗಿ ಸರಿಯಂಥದು ಒಂದೇ ಹದದಲ್ಲಿ ಇಳಿಯುತ್ತದೆ. ಆದರೆ ಯಾವ ಹದ ಅನ್ನುವುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನುಂಗುವುದನ್ನು ನೋಡುತ್ತಾರೆ, ಇಲ್ಲವೇ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಕಲಸಿ ತಿನ್ನಿಸಿ ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೂ ನೋಡುತ್ತಾರೆ, ನಿಮಗೆ ದೂರವೇನಲ್ಲ.

ಅಲ್ಲಿಯವರೆಗೆ ತೆಳ್ಳಗಿನದು ಕೊಡುವ ಮುಂಚೆ ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ನೆಟ್ಟಗೆ ಕೂರಿಸಿಯೇ ತಿನ್ನಿಸಿ, ತಿಂದು ಅರ್ಧ ಗಂಟೆ ಮಲಗಿಸಬೇಡಿ. ಎರಡು ಹೊತ್ತೂ ಬಾಯಿ ಚೆನ್ನಾಗಿ ತೊಳೆಸಿ. ಬಾಯಲ್ಲಿನ ಕೊಳೆ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ನ್ಯುಮೋನಿಯಾ ಆಗಬಹುದು. ಜ್ವರ ಬಂದರೆ, ಏದುಸಿರು ಜಾಸ್ತಿಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಮಲ್ನಾಡ್ ಹುಡುಗ:
ಸ್ಟ್ರಾ ಮಾತು ವಾಪಸ್ ತಗೊಂಡೆ.

ಹಾಸನದ ಸೊಸೆ:
ವಾರದ ನಂತರ ಬರೆಯುತ್ತಿದ್ದೇನೆ. ಕ್ಯಾಮೆರಾ ಪರೀಕ್ಷೆ ಆಯಿತು. ನೀರು ಸುಮ್ನೆ ಶ್ವಾಸನಾಳಕ್ಕೆ ಇಳಿಯುತ್ತಿತ್ತು, ಅತ್ತೆ ಕೆಮ್ಮಲೇ ಇಲ್ಲ, ನಾನೇ ಪರದೆಯಲ್ಲಿ ನೋಡಿದೆ. ಈಗ ಗಟ್ಟಿ ಮಾಡುವ ಪುಡಿ ಕಲಸಿ ಚಮಚದಲ್ಲಿ ಕಾಫಿ ಕೊಡುತ್ತಿದ್ದೇನೆ. "ಇದು ಕಾಫಿನೋ ಅಂಬಲಿನೋ" ಅಂತ ಬೈಯುತ್ತಾರೆ. ಲೋಟ ಮಾತ್ರ ಖಾಲಿ.