ಗೋವಾದ ಪೋಕರ್ ಟೇಬಲ್: ಎಲ್ಲಿ ಕೂರೋದು, ಯಾವಾಗ ಏಳೋದು?

ಪ್ರಶ್ನೆ, ಶಿವಮೊಗ್ಗದಿಂದ: ಹುಣಸೆ ಬೀಜ ಇಟ್ಟು ಮನೆಯಲ್ಲೇ ಟೆಕ್ಸಾಸ್ ಹೋಲ್ಡೆಮ್ ಪೋಕರ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು) ಕಲಿತಿದ್ದೇವೆ. ಮಳೆ ಮುಗಿದ ಮೇಲೆ ಪಣಜಿಯ ಕ್ಯಾಸಿನೊಗೆ ಹೊರಡೋದು ಅಂತಾಗಿದೆ. 100-200 ಬ್ಲೈಂಡಿನ (ಎಲೆ ನೋಡೋ ಮುಂಚೆ ಇಬ್ಬರು ಸರದಿಯಂತೆ ಕಡ್ಡಾಯವಾಗಿ ಇಡೋ ಕಾಸು, ಚಿಕ್ಕದು 100, ಬಿಗ್ ಬ್ಲೈಂಡ್ 200) ಎರಡು ಮೂರು ಟೇಬಲ್ ನಡೀತಾ ಇದ್ರೆ ಯಾವುದಕ್ಕೆ ಕೂರಬೇಕು? ಎದುರಿನವರು ಲೂಸಾ (ಸಿಕ್ಕ ಎಲೆಗೆಲ್ಲ ಆಡೋರು), ಟೈಟಾ (ಒಳ್ಳೆ ಎಲೆಗಷ್ಟೇ ಆಡೋರು), ಆಟ ಬಲ್ಲವರಾ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ, ಸಾಗರದಿಂದ: ಹಿಂದೆ ನಿಂತು ಹನ್ನೆರಡು ಹ್ಯಾಂಡ್ (ಎಲೆ ಹಂಚಿ ಮುಗಿಯೋ ಒಂದೊಂದು ಆಟ) ನೋಡಿ. ಗಂಟೆಗೆ 25–30 ಹ್ಯಾಂಡ್ ಓಡುತ್ತೆ, ಅಂದ್ರೆ ಅರ್ಧ ಗಂಟೆಯ ಕೆಲಸ. ಫ್ಲಾಪ್ (ಮೇಜಿಗೆ ಬೀಳೋ ಮೊದಲ ಮೂರು ಎಲೆ) ನೋಡೋಕೆ ಎಷ್ಟು ಜನ ಉಳೀತಾರೆ ಅಂತ ಎಣಿಸಿ. 9 ಜನರ ಟೇಬಲಲ್ಲಿ ಸರಾಸರಿ 4–5 ಜನ ಬಂದ್ರೆ ಲೂಸ್, ಇಬ್ಬರೇ ಉಳಿದ್ರೆ ಟೈಟ್. ಪಾಟ್ (ಮಧ್ಯೆ ಸೇರೋ ಕಾಸು) ದೊಡ್ಡದಿದೆ ಅಂತ ಮರುಳಾಗಬೇಡಿ. ಇಬ್ಬರು ಪಳಗಿದವರು ರೇಸ್ ಮೇಲೆ ರೇಸ್ (ಪಂತ ಏರಿಸೋದು) ಮಾಡಿದ್ರೂ ಚಿಪ್ಸ್ ಗುಡ್ಡೆ ಬೀಳುತ್ತೆ, ಅದು ನಿಮ್ಮ ಟೇಬಲ್ ಅಲ್ಲ.

ತೀರ್ಥಹಳ್ಳಿ: ಎಣಿಕೆ ಸರಿ, ಆದ್ರೆ ಕೊನೆಗೆ ತಿರುಗಿಸೋ ಎಲೆ ಅದಕ್ಕಿಂತ ಹೆಚ್ಚು ಹೇಳುತ್ತೆ. ಆಟೀನ್ ರಾಜ, ಕಳಾವರ್ ಏಳು ಹಿಡ್ಕೊಂಡು ರೇಸಿಗೆ ಕಾಲ್ ಕೊಟ್ಟು (ಅಷ್ಟೇ ಕಾಸಿಟ್ಟು), ಏಳರ ಜೋಡಿಯಲ್ಲಿ ಕೊನೇ ಎಲೆಯಾದ ರಿವರ್‌ವರೆಗೆ ಬರೀ ಕಾಲ್ ಮಾಡ್ತಾ ಬಂದವರು ಇದ್ರೆ ಆ ಟೇಬಲ್ ಬಿಡಬೇಡಿ. ಅಂಥವರ ಮುಂದೆ ಬ್ಲಫ್ (ಎಲೆ ಇಲ್ಲದೆ ಹೆದರಿಸೋದು) ಮಾತ್ರ ಬೇಡ ಮಾರಾಯ್ರೆ, ಅವರು ಫೋಲ್ಡ್ ಮಾಡೋದೇ (ಎಲೆ ಬಿಡೋದೇ) ಇಲ್ಲ. ಒಳ್ಳೆ ಎಲೆ ಬಂದಾಗ ದೊಡ್ಡದಾಗೇ ಬೆಟ್ ಕಟ್ಟಿ. ಮುಂದೆ ಮೂವರು ಬರೀ 200 ಇಟ್ಟು ಬಂದಿದ್ರೆ 600 ಸಾಲದು, 1200–1500 ಮಾಡಿ. ಎಲ್ಲದಕ್ಕೂ ರೇಸ್ ಮಾಡೋ ಲೂಸ್ ಜನ ಬೇರೆ ಜಾತಿ, ಅವರ ಹತ್ರ ಕೂರೋಕೆ ಗುಂಡಿಗೆ ಬೇಕು.

ಕೊಪ್ಪ: ಆ ಎರಡನೇ ಜಾತಿಗೆ ಸೀಟೇ ಮದ್ದು. ಸರದಿ ಎಡಕ್ಕೆ ಸಾಗೋದ್ರಿಂದ ಅಂಥವರು ನಿಮ್ಮ ಬಲಕ್ಕಿರಬೇಕು. ಹೆಚ್ಚಿನ ಸಲ ಅವರು ಏನು ಮಾಡಿದ್ರು ಅಂತ ನೋಡ್ಕೊಂಡೇ ನೀವು ಎಲೆ ಇಡೋದೋ ಬಿಡೋದೋ ಅಂತ ತೀರ್ಮಾನಿಸಬಹುದು. ಎಡಕ್ಕೆ ಬಿದ್ರೆ ನೀವು 200 ಇಟ್ಟ ಮೇಲೆ ಅವರು 1200 ಅಂತಾರೆ, ನಿಮ್ಮ 200 ಹೋಯ್ತು. ಎಡಕ್ಕೆ ಟೈಟ್ ಜನ ಇರಲಿ, ಅವರು ಬ್ಲೈಂಡ್ ಬಿಟ್ಟು ಕೊಡ್ತಾರೆ. ಆ ಸೀಟು ತುಂಬಿದ್ರೆ ಖಾಲಿಯಾದಾಗ ಬದಲಿಸಿ ಕೊಡಿ ಅಂತ ಟೇಬಲ್ ನೋಡ್ಕೊಳ್ಳೋ ಫ್ಲೋರ್‌ನವರಿಗೆ ಮೊದಲೇ ಹೇಳಿಡಿ.

ಸ್ಟ್ಯಾಕ್ (ಮುಂದಿರೋ ಚಿಪ್ಸ್) ಕೂಡ ನೋಡಿ. 20,000ಕ್ಕೆ ಕೂತು 7,000ಕ್ಕೆ ಇಳಿದ್ರೂ ಮತ್ತೆ ತುಂಬಿಸದವರು ಸಾಮಾನ್ಯವಾಗಿ ಮೋಜಿಗೆ ಬಂದವರು. ಆದ್ರೆ ಅವರ ಹತ್ರ ಸಿಗೋದೂ ಅಷ್ಟೇ. ಐದರ ಜೋಡಿ ಹಿಡ್ಕೊಂಡು 600ಕ್ಕೆ ಕಾಲ್ ಮಾಡ್ಬೇಕಂದ್ರೆ ನಿಮ್ಮಿಬ್ಬರ ಮುಂದೂ ಕನಿಷ್ಠ 9,000 ಇರಬೇಕು. ಯಾಕಂದ್ರೆ ಫ್ಲಾಪಲ್ಲಿ ಮೂರನೇ ಐದು ಬರೋದು ಎಂಟೂವರೆ ಸಲಕ್ಕೆ ಒಂದು ಸಲ. ಸಿಕ್ಕಿದ ಪ್ರತಿ ಸಲವೂ ಎದುರಿನವರು ಪೂರ್ತಿ ಕಾಸು ಕೊಡೋದೂ ಇಲ್ಲ.

ಹೊಸನಗರ: ಲೂಸ್ ಅಂದ ಕೂಡ್ಲೇ ಕುಣೀಬೇಡಿ. ಜೋಡಿ ಎಕ್ಕ ಒಬ್ಬರ ಯಾವುದೋ ಎಲೆಯ ಎದುರು ನೂರಕ್ಕೆ 85 ಸಲ ಗೆಲ್ಲುತ್ತೆ, ಎದುರು ನಾಲ್ವರು ಕೊನೆವರೆಗೆ ನಿಂತ್ರೆ 56 ಸಲ. ಗೆದ್ದಾಗ ದೊಡ್ಡದು ಸಿಗುತ್ತೆ ನಿಜ, ಆದ್ರೆ ಸೋಲಿನ ಸರಣಿ ಉದ್ದ. ಒಂದೇ ಬೈ-ಇನ್ (ಟೇಬಲಿಗೆ ಕೂರೋಕೆ ಬೇಕಾದ ಕಾಸು) ಇಟ್ಕೊಂಡು ಹೋದ್ರೆ ಟೇಬಲ್ ಎಷ್ಟೇ ಚೆನ್ನಾಗಿದ್ರೂ ರಾತ್ರಿ ಹತ್ತಕ್ಕೆ ಹೊರಗೆ. ಎಕ್ಕ-ಗುಲಾಮ ಬೇರೆ ಬೇರೆ ಬಣ್ಣದ್ದಾದ್ರೆ (ಒಂದು ಆಟೀನ್, ಒಂದು ಕಳಾವರ್ ಹೀಗೆ) ಇಂಥ ಕಡೆ ಬೆಲೆ ಇಳಿಯುತ್ತೆ, ಸಣ್ಣ ಜೋಡಿಗೂ ಒಂದೇ ಬಣ್ಣದ ಅಕ್ಕಪಕ್ಕದ ಎಲೆಗೂ ಏರುತ್ತೆ. ಪಾಟಿಂದ ಕ್ಯಾಸಿನೊ ಕಡಿಯೋ ರೇಕ್ ಎಷ್ಟು, ಅದಕ್ಕೆ ಮೇಲ್ಮಿತಿ ಇದೆಯಾ ಅಂತ ಕೂರೋ ಮುಂಚೆ ಕೇಳಿ.

ಹುಣಸೆ ಬೀಜದ ಆಟದಲ್ಲಿ ಎಲ್ಲರೂ ಲೂಸೇ, ಕಳಕೊಳ್ಳೋಕೆ ಏನಿದೆ? ಮನೆಯ ಲೆಕ್ಕ ಹಿಡ್ಕೊಂಡು ಪಣಜಿಯವರನ್ನ ಅಳೀಬೇಡಿ.

ಸಾಗರ: ಕೂತ ಮೇಲೂ ಎಣಿಕೆ ನಿಲ್ಲಿಸಬೇಡಿ. ಧಾರಾಳಿ ಒಬ್ಬರು ಎದ್ದು, ಆ ಜಾಗಕ್ಕೆ ಫುಲ್ ಸ್ಟ್ಯಾಕ್ ತಂದು ಮಾತಿಲ್ಲದೆ ಫೋಲ್ಡ್ ಮಾಡ್ತಾ ಕೂರೋರು ಬಂದ್ರೆ ಟೇಬಲ್ ಬದಲಾಯ್ತು ಅಂತ ಲೆಕ್ಕ. ಎರಡು ಸುತ್ತು ನೋಡಿ, ಫ್ಲಾಪಿಗೆ ಮೂವರೂ ಬರ್ತಿಲ್ಲ ಅಂದ್ರೆ ಬಿಗ್ ಬ್ಲೈಂಡ್ ನಿಮ್ಮ ಹತ್ರ ಬರೋ ಮುಂಚೆ ಏಳಿ, ಒಂದು ಬ್ಲೈಂಡ್ ಉಳಿಯುತ್ತೆ.

ತೀರ್ಥಹಳ್ಳಿ: ಆ್ಯಪಲ್ಲಿ ಕಾಸಿಟ್ಟು ಅಭ್ಯಾಸ ಮಾಡ್ತೀನಿ ಅಂತಿದ್ರೆ ಬೇಡ, 2025ರ ಆಗಸ್ಟಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ಆನ್‌ಲೈನ್ ಹಣದಾಟವನ್ನ ನಿಷೇಧಿಸಿದೆ. ಗುರುತಿನ ಚೀಟಿ ಮರೀಬೇಡಿ, 21 ತುಂಬದವರನ್ನ ಕ್ಯಾಸಿನೊ ಒಳಗೆ ಬಿಡಲ್ಲ.