ಇಂಗ್ಲೆಂಡ್: ಏಳು ನಿಮಿಷಕ್ಕೆ 100 ಪೌಂಡ್ ಪಾರ್ಕಿಂಗ್ ಚಾರ್ಜ್, ಅಪೀಲ್ ಮಾಡೋದು ಹೇಗೆ?

ಸಂಪಿಗೆ

ಇಂಗ್ಲೆಂಡಿನ ಒಂದು ರೀಟೇಲ್ ಪಾರ್ಕ್. ಮಾರ್ಚ್ 3, ಸೋಮವಾರ ಸಂಜೆ 6:42ಕ್ಕೆ ಕಾರು ಒಳಗೆ ಹೋಗಿದೆ, 6:49ಕ್ಕೆ ಹೊರಗೆ ಬಂದಿದೆ. ಎರಡೂ ಗೇಟಿನ ಕ್ಯಾಮೆರಾ ಫೋಟೊ. ಹಣ ಕಟ್ಟುವ ಆ್ಯಪ್ ತೆರೆಯದ ಕಾರಣ ಕಾರು ಹಾಗೇ ವಾಪಸ್ ಹೊರಟಿತ್ತು. ಗಾಜಿನ ಮೇಲೆ ಚೀಟಿ ಅಂಟಿಸಿರಲಿಲ್ಲ. ಈಗ ಅಂಚೆಯಲ್ಲಿ 100 ಪೌಂಡಿನ ನೋಟಿಸ್ ಬಂದಿದೆ, 14 ದಿನದೊಳಗೆ ಕಟ್ಟಿದರೆ 60. ಪತ್ರದ ತಾರೀಖು ಮಾರ್ಚ್ 14, ಶುಕ್ರವಾರ. ಕಂಪನಿ ಬಿಪಿಎ (ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್, ಪಾರ್ಕಿಂಗ್ ಕಂಪನಿಗಳ ಸಂಘ) ಸದಸ್ಯ ಅಂತ ಬರೆದುಕೊಂಡಿದೆ. ಕಾರು ನನ್ನ ಹೆಸರಲ್ಲಿದೆ.

60 ಕಟ್ಟಿ ಕೈತೊಳೆದುಕೊಳ್ಳೋದಾ, ಅಪೀಲ್ ಮಾಡೋದಾ? ಓಡಿಸಿದ್ದು ಯಾರು ಅಂತ ಹೇಳಲೇಬೇಕಾ? ತಿಳಿದವರು ದಯವಿಟ್ಟು ಹೇಳಿ.

ಕಡಲತಡಿ

ಕಟ್ಟಬೇಡಿ. 10 ನಿಮಿಷ ಗ್ರೇಸ್ ಪೀರಿಯಡ್ ಇರುತ್ತೆ, ನಿಮ್ಮದು ಏಳೇ ನಿಮಿಷ. ಅಷ್ಟು ಬರೆದು ಕಳಿಸಿ, ಸಾಕು.

ಹಳೇಬೇರು

ಸಾಕಾಗೋದಿಲ್ಲ. ಆ 10 ನಿಮಿಷ ಸಿಗೋದು ಹಣ ಕಟ್ಟಿ (ಅಥವಾ ಉಚಿತ ಅವಧಿಯಲ್ಲಿ) ನಿಲ್ಲಿಸಿದವರಿಗೆ, ಅವರ ಅವಧಿ ಮುಗಿದ ಮೇಲೆ. ಬೋರ್ಡ್ ಓದಿ, ನಿಲ್ಲಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ಕೊಡುವುದು ಬೇರೆಯದೇ ಅವಧಿ. ಅದಕ್ಕೆ ಕನ್ಸಿಡರೇಷನ್ ಪೀರಿಯಡ್ ಅಂತಾರೆ, ಸಾಮಾನ್ಯವಾಗಿ ಕನಿಷ್ಠ 5 ನಿಮಿಷ, ತುಂಬಾ ದೊಡ್ಡ ಕಾರ್ ಪಾರ್ಕ್‌ಗಳಿಗೆ ಇನ್ನೂ ಹೆಚ್ಚು. ಬಿಪಿಎ, ಐಪಿಸಿ (ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ) ಎರಡೂ ಸಂಘಗಳು 2024ರಲ್ಲಿ ತಂದ ಜಂಟಿ ನಿಯಮಾವಳಿಯಲ್ಲಿ ಇದೆಲ್ಲ ಇದೆ. 5 ಮತ್ತು 10 ಕೂಡಿಸಿ 15 ನಿಮಿಷ ಅಂತ ವಾದಿಸಿದ ಅಪೀಲುಗಳು ಬಿದ್ದುಹೋಗೋದು ಇಲ್ಲೇ. 7 ನಿಮಿಷದ ವಾದವನ್ನು ಮಾಡಿ, ಆದರೆ ಸರಿಯಾಗಿ ಮಾಡಿ: ಗೇಟಿನ ಕ್ಯಾಮೆರಾ ಅಳೆಯೋದು ಒಳಗೆ ಬಂದ ಮತ್ತು ಹೊರಗೆ ಹೋದ ಕ್ಷಣಗಳನ್ನು. ಜಾಗ ಹುಡುಕಿದ್ದು, ಬೋರ್ಡ್ ಓದಿದ್ದು, ಆ್ಯಪ್ ಜತೆ ಒದ್ದಾಡಿದ್ದು, ಹೊರಗೆ ಹೋಗಲು ಕ್ಯೂನಲ್ಲಿ ಕಾದದ್ದು ಎಲ್ಲವೂ ಅದರೊಳಗೇ ಸೇರಿದೆ. ಕಾರು ನಿಂತಿದ್ದ ಹೊತ್ತು ಎಷ್ಟು ಅನ್ನೋದಕ್ಕೆ ಆ ಎರಡು ಫೋಟೊ ಸಾಕ್ಷಿಯಲ್ಲ.

ಆದರೆ ನಿಮ್ಮ ನಿಜವಾದ ಬಲ ತಾರೀಖಿನಲ್ಲಿದೆ. ಇದು ಕೌನ್ಸಿಲ್ ದಂಡವಲ್ಲ, ಕರಾರು ಮುರಿದಿರಿ ಎನ್ನುವ ಖಾಸಗಿ ಕಂಪನಿಯ ಬಿಲ್. ಕರಾರೇನಿದ್ದರೂ ಡ್ರೈವರ್ ಜತೆ. ಡ್ರೈವರ್ ಯಾರೆಂದು ಗೊತ್ತಿಲ್ಲದಾಗ ಕೀಪರ್‌ನಿಂದ (ಕಾರು ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರಿಂದ) ವಸೂಲಿ ಮಾಡಬೇಕಾದರೆ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ 2012ರ 4ನೇ ಷೆಡ್ಯೂಲನ್ನು ಅಕ್ಷರಶಃ ಪಾಲಿಸಬೇಕು. ಗಾಜಿನ ಮೇಲೆ ಚೀಟಿ ಇಲ್ಲದಿದ್ದರೆ 9ನೇ ಪ್ಯಾರಾ ಅನ್ವಯ: ಘಟನೆಯ ಮರುದಿನದಿಂದ ಎಣಿಸಿ 14 ದಿನದೊಳಗೆ ನೋಟಿಸ್ ಕೀಪರ್ ಕೈಗೆ ತಲುಪಿರಬೇಕು. ಬರೀ ಕಳಿಸಿದರೆ ಸಾಲದು. ಅಂಚೆಗೆ ಹಾಕಿದ ನಂತರದ ಎರಡನೇ ಕೆಲಸದ ದಿನ ತಲುಪಿತು ಅಂತ ಕಾನೂನು ಭಾವಿಸುತ್ತದೆ.

ಲೆಕ್ಕ ಹಾಕಿ. ಮಾರ್ಚ್ 4 ಮೊದಲ ದಿನ, 17 ಹದಿನಾಲ್ಕನೆಯದು. 14ನೇ ತಾರೀಖು ಶುಕ್ರವಾರವೇ ಅಂಚೆಗೆ ಹಾಕಿದ್ದರೂ ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಒಂದು, ಮಂಗಳವಾರ 18 ಎರಡು. ಅಂದರೆ ಒಂದು ದಿನ ತಡ. ಕೀಪರ್ ಮೇಲೆ ಹೊಣೆ ಹೊರಿಸುವ ಹಕ್ಕು ಅಲ್ಲಿಗೆ ಹೋಯಿತು. ಲಕೋಟೆ ಎಸೆಯಬೇಡಿ, ಅದರ ಮೇಲೆ ಅಂಚೆ ಗುರುತಿದ್ದರೆ ಫೋಟೊ ತೆಗೆದಿಡಿ.

ಈ ವಾದ ನಿಲ್ಲಬೇಕಾದರೆ ಡ್ರೈವರ್ ಯಾರೆಂದು ಎಲ್ಲೂ ಬಿಟ್ಟುಕೊಡಬಾರದು. ಖಾಸಗಿ ಕಂಪನಿಗೆ ಹೆಸರು ಹೇಳುವ ಕಾನೂನು ಬಾಧ್ಯತೆ ನಿಮಗಿಲ್ಲ. ‘ನಾನು ನಿಲ್ಲಿಸಿದೆ’, ‘ನನ್ನ ಆ್ಯಪ್ ತೆರೆಯಲಿಲ್ಲ’ ಅಂತ ಒಂದೇ ಒಂದು ಸಾಲು ಬರೆದರೂ ಇಡೀ ವಾದ ಕುಸಿಯುತ್ತದೆ. ‘ಡ್ರೈವರ್’, ‘ವಾಹನ’ ಅಂತಲೇ ಬರೆಯಿರಿ. ಈ ಥ್ರೆಡ್‌ನಲ್ಲೂ ಅಷ್ಟೇ.

ಸಂಪಿಗೆ

ತುಂಬಾ ಧನ್ಯವಾದ. ಮೊದಲು ಕಂಪನಿಗೇ ಬರೀಬೇಕಾ, ಅಥವಾ ನೇರವಾಗಿ ಪಾಪ್ಲಾಗೆ (ಬಿಪಿಎ ಕಂಪನಿಗಳ ವಿರುದ್ಧದ ಅಪೀಲು ಕೇಳುವ ಸ್ವತಂತ್ರ ಸೇವೆ) ಹೋಗಬಹುದಾ? ಅಪೀಲ್ ಮಾಡಿದರೆ 60ರ ರಿಯಾಯಿತಿ ಹೋಗುತ್ತಾ?

ನೀಲಿಶಾಯಿ

ಮೊದಲು ಕಂಪನಿಗೇ. ಅವರ ವೆಬ್‌ಸೈಟಿನಲ್ಲಿ, 14 ದಿನದೊಳಗೆ. ಆಗ ಅವರು ತಿರಸ್ಕರಿಸಿದರೂ ರಿಯಾಯಿತಿ ದರದಲ್ಲಿ ಕಟ್ಟಲು ಮತ್ತೆ 14 ದಿನ ಕೊಡುತ್ತಾರೆ. ಅಲ್ಲಿಂದ ಪಾಪ್ಲಾಗೆ ಹೋದರೆ ಮಾತ್ರ ರಿಯಾಯಿತಿ ಕೈಬಿಟ್ಟಂತೆ. ಫಾರ್ಮಿನಲ್ಲಿ ‘ನೋಂದಾಯಿತ ಕೀಪರ್’ ಆರಿಸಿ, ಕಳಿಸುವ ಮುಂಚೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪತ್ರ ನಾಲ್ಕೈದು ಸಾಲು ಸಾಕು: ಕೀಪರ್ ಆಗಿ ಬರೆಯುತ್ತಿದ್ದೇನೆ, ಡ್ರೈವರ್ ಯಾರೆಂದು ತಿಳಿಸುವುದಿಲ್ಲ, ನೋಟಿಸ್ 9ನೇ ಪ್ಯಾರಾದ ಗಡುವು ಮೀರಿದೆ, ಚಾರ್ಜ್ ರದ್ದು ಮಾಡಿ ಇಲ್ಲವೇ ಪಾಪ್ಲಾಗೆ ಅಪೀಲ್ ಮಾಡಲು ಬೇಕಾದ ಕೋಡ್ ಕೊಡಿ.

ಕೋಡ್ ಬಂದ ಮೇಲೆ 28 ದಿನ ಸಮಯವಿದೆ, ಶುಲ್ಕವಿಲ್ಲ. ವಿವರವಾಗಿ ಬರೆಯಬೇಕಾದ್ದು ಇಲ್ಲಿ, ಪಿಡಿಎಫ್ ಮಾಡಿ ಸೇರಿಸಿ. ಗಡುವಿನ ವಾದವೇ ಮೊದಲಿರಲಿ, ಲೆಕ್ಕ ತಾರೀಖುವಾರು ಇರಲಿ. ನಂತರ ಕ್ಯಾಮೆರಾದ ವಿಷಯ. ಆಮೇಲೆ ಬೋರ್ಡುಗಳು: ಸಂಜೆ ಬೆಳಕಿನಲ್ಲಿ, ಡ್ರೈವರ್ ಸೀಟಿನ ಎತ್ತರದಿಂದ ಓದಲು ಆಗುತ್ತದೆಯೇ ಅಂತ ಫೋಟೊ ತೆಗೆಯಿರಿ. ಜಾಗದ ಮಾಲೀಕರಿಂದ ಅಧಿಕಾರ ಪಡೆದ ಕರಾರುಪತ್ರ ತೋರಿಸಿ ಅಂತಲೂ ಕೇಳಿ. ಕಂಪನಿ ತನ್ನ ಸಾಕ್ಷ್ಯ ಹಾಕಿದಾಗ ಉತ್ತರಿಸಲು ನಿಮಗೆ ಏಳೇ ದಿನ ಸಿಗುತ್ತದೆ, ಇಮೇಲ್ ಗಮನಿಸುತ್ತಿರಿ. ಪಾಪ್ಲಾ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. (ಕಂಪನಿ ಐಪಿಸಿ ಸದಸ್ಯನಾಗಿದ್ದರೆ ಪಾಪ್ಲಾ ಬದಲು ಐಎಎಸ್, ಅಂದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್.)

100 ಪೌಂಡ್ ಅನ್ಯಾಯದ ಮೊತ್ತ ಅನ್ನೋ ವಾದಕ್ಕೆ ಪುಟ ವ್ಯರ್ಥ ಮಾಡಬೇಡಿ. 2015ರ ಪಾರ್ಕಿಂಗ್‌ಐ ವರ್ಸಸ್ ಬೀವಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 85 ಪೌಂಡನ್ನು ಎತ್ತಿಹಿಡಿದಿದೆ.

ಕಡಲತಡಿ

ಗ್ರೇಸ್ ಬಗ್ಗೆ ತಿದ್ದಿದ್ದು ಒಳ್ಳೆಯದಾಯಿತು. ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ 2016ರ ಜಾಪ್ಸನ್ ವರ್ಸಸ್ ಹೋಮ್‌ಗಾರ್ಡ್ ತೀರ್ಪು ಇಲ್ಲಿ ಬರುತ್ತಾ?

ಹಳೇಬೇರು

ಅಲ್ಲಿ ಫ್ಲಾಟಿನ ಬಾಗಿಲ ಹತ್ತಿರ ಸಾಮಾನು ಇಳಿಸಲು ಸ್ವಲ್ಪ ಹೊತ್ತು ನಿಂತದ್ದು ಪಾರ್ಕಿಂಗ್ ಅಲ್ಲ ಅಂತ ಹೇಳಿದ್ದು. ಸ್ವಂತ ಮನೆ ಮುಂದಿನ ಪ್ರಕರಣಗಳಿಗೆ ಬಲ ಕೊಡುತ್ತದೆ. ಇಲ್ಲಿ ಒಂದು ಸಾಲು ಸೇರಿಸಬಹುದು, ಅದನ್ನೇ ನಂಬಿ ಕೂರಬೇಡಿ. ಬೇರೆ ಕೋರ್ಟುಗಳು ಅದನ್ನು ಪಾಲಿಸಲೇಬೇಕೆಂದಿಲ್ಲ.

ಇದೇ ಥ್ರೆಡ್ ನೋಡಿ ಬೇರೆಯವರು ಬರೆಯುವುದಾದರೆ: 4ನೇ ಷೆಡ್ಯೂಲ್ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ, ಬೈಲಾ (ಅಲ್ಲಿನದೇ ಶಾಸನಬದ್ಧ ನಿಯಮ) ಇರುವ ವಿಮಾನ ನಿಲ್ದಾಣ, ರೈಲ್ವೆ ಜಾಗಗಳಿಗೂ ಇಲ್ಲ. ಹಣ ಕಟ್ಟಲು 5 ನಿಮಿಷಕ್ಕಿಂತ ತಡವಾಯಿತು ಅನ್ನೋದಷ್ಟೇ ತಕರಾರಾಗಿದ್ದು, ಹೊರಡುವ ಮುಂಚೆ ಹಣ ಕಟ್ಟಿದ್ದರೆ, ಜಂಟಿ ನಿಯಮಾವಳಿಯ 2025ರ ಫೆಬ್ರವರಿಯ ತಿದ್ದುಪಡಿ ನಿಮ್ಮ ಪರ ಇದೆ.

ಸಂಪಿಗೆಯವರೇ, ಪಾಪ್ಲಾದಲ್ಲಿ ಸೋತರೆ ವಸೂಲಿ ಏಜೆನ್ಸಿಯ ಪತ್ರಗಳು ಬರಬಹುದು, ಮೊತ್ತ 170 ಅಂತ ಏರಿಸಿ. ಅವರು ಬೇಲಿಫ್‌ಗಳಲ್ಲ (ಜಪ್ತಿ ಅಧಿಕಾರಿಗಳಲ್ಲ), ಮನೆಗೆ ಬಂದು ಏನನ್ನೂ ಒಯ್ಯುವಂತಿಲ್ಲ. ಉತ್ತರಿಸಲೇಬೇಕಾದವು ಎರಡು: ಲೆಟರ್ ಬಿಫೋರ್ ಕ್ಲೇಮ್ (ದಾವೆ ಹಾಕುವ ಮುಂಚಿನ ಪತ್ರ, ಉತ್ತರಿಸಲು 30 ದಿನ) ಮತ್ತು ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. ಫಾರ್ಮ್ ಜಾರಿಯಾದ (ಅಂದರೆ ನಿಮಗೆ ತಲುಪಿತೆಂದು ಎಣಿಸುವ ದಿನದಿಂದ) 14 ದಿನದೊಳಗೆ ಸ್ವೀಕೃತಿ ಸಲ್ಲಿಸಿದರೆ, ಪ್ರತಿವಾದ ಹಾಕಲು ಜಾರಿಯಾದಂದಿನಿಂದ ಒಟ್ಟು 28 ದಿನ ಸಿಗುತ್ತದೆ. ಸುಮ್ಮನಿದ್ದರೆ ವಿಚಾರಣೆಯಿಲ್ಲದೆ ತೀರ್ಪು, ತಿಂಗಳೊಳಗೆ ಕಟ್ಟದಿದ್ದರೆ ಆರು ವರ್ಷ ಕ್ರೆಡಿಟ್ ದಾಖಲೆಯಲ್ಲಿ ಸಿಸಿಜೆ (ಕೌಂಟಿ ಕೋರ್ಟ್ ತೀರ್ಪು). ಮನೆ ಬದಲಾಯಿಸುವವರಿದ್ದರೆ ವಿ5ಸಿಯಲ್ಲಿ (ವಾಹನ ನೋಂದಣಿ ಪತ್ರ) ವಿಳಾಸ ತಿದ್ದಿಸಿ, ಕಂಪನಿಗೂ ಹೊಸ ವಿಳಾಸ ಬರೆದು ತಿಳಿಸಿ. ಡಿವಿಎಲ್‌ಎಯಿಂದ (ವಾಹನ ನೋಂದಣಿ ಇಲಾಖೆ) ಒಮ್ಮೆ ಪಡೆದ ವಿಳಾಸಕ್ಕೇ ಅವರು ಕ್ಲೇಮ್ ಕಳಿಸುವುದುಂಟು.