ಕನ್ನಡ ಫಾರಂನಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತಿದೆ, ಜನ ಅರ್ಧಕ್ಕೇ ಬಿಡುತ್ತಿದ್ದಾರೆ

ಕೊಂಬು:
ಇಂಗ್ಲಿಷ್ ಅರ್ಜಿ ಫಾರಂ ಒಂದನ್ನು ಕನ್ನಡಕ್ಕೆ ತಂದಿದ್ದೇವೆ. ಬಟನ್ ಎತ್ತರ 36 ಪಿಕ್ಸೆಲ್. ‘ರದ್ದುಗೊಳಿಸಿ’ಯಲ್ಲಿ ದ್ದು ಕೆಳಗೆ ಕತ್ತರಿಸಿಹೋಗುತ್ತದೆ. ಹೆಸರಿಗೆ 20 ಅಕ್ಷರ ಕೊಟ್ಟಿದ್ದರೂ ‘ಕೆ. ಲಕ್ಷ್ಮೀನಾರಾಯಣಸ್ವಾಮಿ’ ಪೂರ್ತಿ ಹಿಡಿಯುತ್ತಿಲ್ಲ. ಮೊಬೈಲ್ ಸಂಖ್ಯೆ ಕೇಳುವಲ್ಲಿಗೆ ಬಂದು ತುಂಬಾ ಜನ ನಿಲ್ಲಿಸಿಬಿಡುತ್ತಾರೆ. ಎಲ್ಲಿಂದ ಸರಿಪಡಿಸಲಿ?

ಅರ್ಕಾವೊತ್ತು:
ಪುಟದ ವಿನ್ಯಾಸ ಬರೆಯುವ ಸಿಎಸ್‌ಎಸ್‌ನಲ್ಲಿ ಬಟನ್‌ಗೆ ಹೈಟ್ (ನಿಗದಿತ ಎತ್ತರ) ತೆಗೆದು ಮಿನ್-ಹೈಟ್ (ಕನಿಷ್ಠ ಎತ್ತರ) 48 ಪಿಕ್ಸೆಲ್ ಕೊಡಿ, ಲೈನ್-ಹೈಟ್ (ಸಾಲಿನ ಎತ್ತರ) 1.6 ಇರಲಿ. ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಎಂದು ಬರೆದಿದ್ದರೆ ಒತ್ತನ್ನು ನುಂಗುತ್ತಿರುವುದು ಅದೇ. ಇಂಗ್ಲಿಷ್ ಶೀರ್ಷಿಕೆಗೆಂದು ಹಾಕಿದ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಮಾಡಿ. ಪರೀಕ್ಷೆಗೆ ‘ಹೆಸರು’, ‘ಊರು’ ಸಾಲದು. ‘ರಾಷ್ಟ್ರ’, ‘ಸ್ತ್ರೀ’ ಹಾಕಿ ನೋಡಿ.

ಹೆಸರಿನ ಕಥೆ ಬೇರೆ. ಮ್ಯಾಕ್ಸ್‌ಲೆಂಗ್ತ್ (ಪೆಟ್ಟಿಗೆಯ ಗರಿಷ್ಠ ಉದ್ದದ ಮಿತಿ) ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತಗಳನ್ನು; ವ್ಯಂಜನ, ಸ್ವರಚಿಹ್ನೆ, ಒತ್ತು ಕೂಡಿಸುವ ಚಿಹ್ನೆ ಪ್ರತಿಯೊಂದಕ್ಕೂ ಒಂದೊಂದು ಸಂಕೇತ. ‘ಲಕ್ಷ್ಮೀನಾರಾಯಣಸ್ವಾಮಿ’ ಕಣ್ಣಿಗೆ 8 ಅಕ್ಷರ, ಬ್ರೌಸರ್‌ಗೆ 19: ಕ್ಷ್ಮೀ ಒಂದೇ 6 ತಿನ್ನುತ್ತದೆ. ಮುಂದೆ ‘ಕೆ.’ ಮತ್ತು ಒಂದು ಖಾಲಿ ಜಾಗ ಸೇರಿದರೆ 23. ಮಿತಿಯನ್ನು 100ಕ್ಕೆ ಏರಿಸಿ. ಡೇಟಾಬೇಸ್ ಬೈಟ್ ಲೆಕ್ಕದ್ದಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ (ಸಂಕೇತಗಳನ್ನು ಬೈಟ್ ಆಗಿ ಉಳಿಸುವ ಕ್ರಮ) 3 ಬೈಟ್, ಅದನ್ನೂ ನೋಡಿಕೊಳ್ಳಿ.

ತಲಕಟ್ಟು:
ಮೊಬೈಲ್ ಸಂಖ್ಯೆಯ ಸೂಚನೆ ಪೆಟ್ಟಿಗೆಯ ಒಳಗೇ ಮಸುಕಾಗಿ ಇದೆಯೆ? ಒಂದಂಕಿ ಒತ್ತಿದ ಕೂಡಲೇ ಅದು ಮಾಯ. ಪೆಟ್ಟಿಗೆಯ ಮೇಲೆ ಬರೆಯಿರಿ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಬೇಕು, ತಿಳಿಬೂದು ಅಲ್ಲಿಗೆ ಮುಟ್ಟುವುದಿಲ್ಲ.

ತಪ್ಪು ತುಂಬಿದಾಗ ಫಾರಂ ‘ಅಮಾನ್ಯ ದತ್ತಾಂಶ’ ಅಂದರೆ ಯಾರಿಗೆ ಏನು ತಿಳಿಯಬೇಕು? ‘10 ಅಂಕಿ ಬೇಕು, 9 ಇವೆ’ ಅನ್ನಿ. ಕೆಂಪು ಗೆರೆಯೊಂದನ್ನೇ ನಂಬಬೇಡಿ, ಬಣ್ಣ ಗುರುತಿಸಲಾಗದವರೂ ಇರುತ್ತಾರೆ. ಇನ್ನೊಂದು: ಕೆಲವರ ಕೀಬೋರ್ಡ್ ೯೮೪ ಎಂದು ಕನ್ನಡ ಅಂಕಿ ಕಳಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಅಂಕಿ ತಪಾಸಣೆ 0–9 ಮಾತ್ರ ಒಪ್ಪುವುದರಿಂದ ಸರಿ ಸಂಖ್ಯೆಯೂ ತಪ್ಪಾಗುತ್ತದೆ. ಮೊದಲು ಪರಿವರ್ತಿಸಿ, ಆಮೇಲೆ ತಪಾಸಿಸಿ.

ಕೊಂಬು:
ಕನ್ನಡ ಅಂಕಿಯ ಕಡೆ ಗಮನವೇ ಇರಲಿಲ್ಲ. ‘ಪಾಸ್‌ವರ್ಡ್’ ಬದಲು ‘ಗುಪ್ತಪದ’ ಹಾಕಬೇಕೆಂಬ ಒತ್ತಾಯ ಇದೆ, ಏನಂತೀರಿ?

ತಲಕಟ್ಟು:
ಬೇಡ. ಓಟಿಪಿ, ಪಾಸ್‌ವರ್ಡ್ ಹಾಗೇ ಇರಲಿ, ಜನರ ಬಾಯಲ್ಲಿರುವುದು ಅವೇ.

ಅರ್ಕಾವೊತ್ತು:
ನನಗೆ ‘ಗುಪ್ತಪದ’ ಇಷ್ಟ, ಆದರೂ ಇಲ್ಲಿ ಒಪ್ಪುತ್ತೇನೆ. ಯಾವುದೇ ಇರಲಿ, ಒಂದು ಪುಟದಲ್ಲಿ ‘ಸಲ್ಲಿಸು’, ಮುಂದಿನದರಲ್ಲಿ ‘ಕಳುಹಿಸಿ’ ಎಂದಾಗದಿರಲಿ. ಫಾರಂ ಕಂಡೇ ಇರದ ಐವರ ಕೈಗೆ ಮೊಬೈಲ್ ಕೊಟ್ಟು ‘ಅರ್ಜಿ ಹಾಕಿ’ ಎಂದಷ್ಟೇ ಹೇಳಿ, ಬಾಯಿ ಬಿಡದೆ ನೋಡಿ. ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ.